ಕೆರೆ ಕಟ್ಟುವುದು

ಸಂಜೆ ಆರೂಮುಕ್ಕಾಲು. ಮೂರನೇ ಮಹಡಿ.
ಕೆಳಗೆ ಹಡ್ಸನ್ ಸರ್ಕಲ್ಲಿನಲ್ಲಿ ಬಸ್ಸುಗಳು
ಒಂದರ ಬೆನ್ನಿಗೆ ಇನ್ನೊಂದು ಮೂತಿಯಿಟ್ಟು ನಿಂತಿವೆ.
ನಾನು ಕೆರೆ ಕಟ್ಟುತ್ತಿದ್ದೇನೆ.

ಕಟ್ಟುವುದೆಂದರೆ ಏರಿ ಹಾಕಿ ತೂಬು ಇಡುವುದಲ್ಲ,
ಗಂಟು ಕಟ್ಟುವುದು.
ನೂರಾ ಹನ್ನೊಂದು ಕೆರೆ, ಅವುಗಳ ರಾಜಕಾಲುವೆ,
ನಾಳೆ ಹತ್ತೂವರೆಯೊಳಗೆ ಕೋರ್ಟಿಗೆ,
ಒಂದೇ ಕಡತದಲ್ಲಿ. ಆ ಕಡೆಯ ಮೇಲ್
ಇಪ್ಪತ್ತೈದು ಎಂಬಿ ದಾಟಿದರೆ ಹೊಸ್ತಿಲು ಹತ್ತಿಸುವುದಿಲ್ಲ.

ಒಂದು ಪದರಕ್ಕೆ ಐದು ಕಡತ.
ಹೆಸರು ಒಂದೇ, ಬಾಲ ಮಾತ್ರ ಬೇರೆ.
ಒಂದರಲ್ಲಿ ಅಂಚು: ನೀರು ಮುಗಿದು ನೆಲ ಶುರುವಾಗುವ ಗೆರೆ.
ಒಂದರಲ್ಲಿ ಆ ಗೆರೆಯನ್ನು ಹುಡುಕುವ ಪಟ್ಟಿ.
ಒಂದರಲ್ಲಿ ಹೆಸರು, ಸರ್ವೆ ನಂಬರು, ಎಕರೆ, ಗುಂಟೆ.
ನಾಲ್ಕನೆಯದು ಒಂದೇ ಸಾಲು,
ಇದೆಲ್ಲ ಭೂಮಿಯ ಮೈಮೇಲೆ ಎಲ್ಲಿ ಕೂರಬೇಕೆಂದು ಹೇಳುವುದು.
ಐದನೆಯದು ಅದಕ್ಕಿಂತ ಪುಟ್ಟದು, ಬರೀ ಐದು ಅಕ್ಷರ.
ಅದನ್ನು ಬಿಟ್ಟರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆ.

ಹೋದ ತಿಂಗಳು ನಾಲ್ಕನೆಯದನ್ನು ಮರೆತೆ.
ಅಲ್ಲಿ ತೆರೆದು ನೋಡಿದರೆ ನಮ್ಮ ಸೂಲಗಿತ್ತಿ ಕುಂಟೆ
ನೈಜೀರಿಯಾದ ಯಾವುದೋ ಬಯಲಿನಲ್ಲಿತ್ತಂತೆ.
"ಅಲ್ಲಾದ್ರೂ ನೀರಿತ್ತೇನಮ್ಮಾ?"
ಕೇಳಿದವನು ಪಿಳ್ಳಮುನಿಯಪ್ಪ.

ಸರಪಳಿ ಎಳೆದ ಕೈ ಅವನದು, ಅಂಗೈ ಇನ್ನೂ ದೊರಗು.
ಆಗ ನಕ್ಷೆಗೆ ಬಟ್ಟೆಯ ಬೆನ್ನು, ತಗಡಿನ ಕೊಳವೆಯ ಮನೆ,
ಸೈಕಲ್ಲಿನ ಕ್ಯಾರಿಯರ್ರಿನ ಮೇಲೆ ಸವಾರಿ.
ಯಾರೋ ಸುತ್ತುವ ಬದಲು ಮಡಿಸಿಟ್ಟರಂತೆ ಒಂದನ್ನು,
ಮಡಿಕೆಯಲ್ಲಿ ಸವೆದು ಒಂದು ತೋಪೇ ಹೋಯಿತಂತೆ.

ಜಿಪ್ ಮಾಡಿದೆ. ಅರವತ್ತೆಂಟು ಮೂವತ್ತೊಂದಾಯಿತು.
"ಮಿಕ್ಕಿದ್ದೆಲ್ಲಿ ಹೋಯ್ತು? ಆವಿಯಾಯ್ತಾ?"
ಇಲ್ಲ ಪಿಳ್ಳಮುನಿಯಪ್ಪ, ಏನೂ ಹೋಗುವುದಿಲ್ಲ.
ಹೇಳಿದ್ದನ್ನೇ ಮತ್ತೆ ಹೇಳಬೇಕಾದಾಗ
ಇದು ನಿಮ್ಮ ಹಳೆಯ ಪಹಣಿಯ ಹಾಗೆ
'ಸದರಿ' ಎಂದು ಬರೆದು ಮುಂದೆ ಸಾಗುತ್ತದೆ.
ಷರಾ ಕಾಲಮ್ಮಿನಲ್ಲಿ ನಾನೂರಾ ಆರು ಸಲ 'ಒತ್ತುವರಿ'.
ಒಂದು ಸಲ ಪೂರ್ತಿ ಬರೆದರೆ ಸಾಕು,
ಸದರಿ, ಸದರಿ, ಸದರಿ.
ಒಂದೇ ರೀತಿ ಕಳೆದುಹೋದದ್ದಕ್ಕೆ
ಜಾಗವೇ ಬೇಕಾಗುವುದಿಲ್ಲ ನೋಡಿ.

ಕುಗ್ಗದೆ ಹಟ ಹಿಡಿದದ್ದು ಅಂಚು.
ಯಾವ ಎರಡು ಚುಕ್ಕೆಯೂ ಒಂದೇ ಅಲ್ಲ.
ಮೂರೆಮ್ಮೆ ಮಡುವಿನ ಈಶಾನ್ಯಕ್ಕೆ ಒಂದು ಮೊಣಕೈ ಇದೆ,
ಹೊಂಗೆ ಮರ ಬಳಸಿಕೊಂಡು ಸರಪಳಿ ತಿರುಗಿದ ಜಾಗ.
ಮರ ಇಲ್ಲ ಈಗ. ತಿರುವು ಇದೆ.

ಫೋನಿನಲ್ಲಿ ಶೈಲಜಾಕ್ಷಿ ಮೇಡಂ:
"ಚುಕ್ಕೆ ಕಮ್ಮಿ ಮಾಡ್ರೀ. ಗೆರೆ ಸ್ವಲ್ಪ ನಯ ಆಗುತ್ತೆ, ಅಷ್ಟೇ.
ಕಣ್ಣಿಗೂ ಕಾಣ್ಸಲ್ಲ."

ಮಾಡಿ ನೋಡಿದೆ.
ಹತ್ತೊಂಬತ್ತು ಎಂಬಿ. ಸಲೀಸಾಗಿ ಹೋಗುತ್ತದೆ.
ಮೊಣಕೈ ನೆಟ್ಟಗಾಗಿತ್ತು.
ಅಳೆದರೆ ಎಂಟು ಗುಂಟೆ ಕೆರೆಯಿಂದಾಚೆ,
ಯಾರದೋ ಕಾಂಪೌಂಡಿನೊಳಗೆ.
ಸಹಿ ಇಲ್ಲ, ಲಂಚ ಇಲ್ಲ,
ರಾತ್ರಿ ಮಣ್ಣು ಸುರಿವ ಲಾರಿಯೂ ಇಲ್ಲ.
ಒಂದು ಗುಂಡಿ ಒತ್ತಿದ್ದೆ, ಅಷ್ಟೇ.

ಹಿಂದಕ್ಕೆ ತಂದೆ. ಮೂವತ್ತೊಂದು.

ಯುಪಿಎಸ್ ಕಿರುಚಿಕೊಳ್ಳಲು ಶುರುಮಾಡಿತು, ಕರೆಂಟು ಹೋಗಿತ್ತು.
ಮಾನಿಟರಿನ ಬೆಳಕಿನಲ್ಲಿ ಆ ಮುದುಕ ಕೈ ಚಾಚಿದ.
"ಕಡ್ಡಿಗೆ ಹಾಕ್ಕೊಡಿ. ಬೆಳಿಗ್ಗೆ ನಾನೇ ಕೊಟ್ಟು ಬರ್ತೀನಿ,
ಕೋರ್ಟ್ ಏನು ಹೊಸಕೋಟೆಯಾಚೆ ಇದ್ಯಾ?"

ಪೆನ್‌ಡ್ರೈವ್ ಇನ್ನೂ ಬಿಸಿಯಾಗಿತ್ತು.
ಕರ್ಚೀಫಿನ ಮೂಲೆಯಲ್ಲಿಟ್ಟು, ಚಿಲ್ಲರೆ ಕಾಸಿನ ಜೊತೆ,
ಒಂದು ಗಂಟು, ಅದರ ಮೇಲೊಂದು ಗಂಟು.
ಮೆಟ್ಟಿಲ ತನಕ ಹೋದವನು
ತಿರುಗಿ ಬಂದು ಬಾಗಿಲಲ್ಲಿ ನಿಂತ.

"ನಾಲ್ಕನೇದು?"
ಹಾಕಿದ್ದೀನಿ.
"ಕನ್ನಡದ್ದು?"
ಅದೂ.